ಹನ್ನೊಂದನೆಯದು

ಏಪ್ರಿಲ್. ಬೀದರಿನ ಪಾಲಿಟೆಕ್ನಿಕ್ಕು, ಹಿಂದಿನ ಕೋಣೆ.
ಹದಿನಾರು ಕಂಪ್ಯೂಟರಿನ ಹೊಟ್ಟೆ ಬಿಚ್ಚಿ
ಹದಿನಾರು ಡಿಸ್ಕು ಕಿತ್ತು
ತೊಗರಿಯ ಖಾಲಿ ಚೀಲಕ್ಕೆ ಹಾಕಿದೆ.
ಕೆಲವು ಕೊನೆಯ ತನಕ ಕರಕರ ಅಂದವು,
ಕೆಲವು ಎಂದೋ ಮಾತು ಬಿಟ್ಟಿದ್ದವು.
ಎಲ್ಲದರ ಮೇಲೂ ಒಂದೇ ಕೆಂಪು ಧೂಳು.

‘ಡಿಸ್ಕಿಲ್ಲಂದ್ರ ಇವಕ್ಕ ನೆನಪು ಎಲ್ಲಿಂದ್ರೀ ಮೇಡಂ?’
ಲಾಡ್ಲೇಸಾಬ್ ಕೇಳಿದ, ಸ್ಕ್ರೂಗಳನ್ನು
ಚಹಾದ ಬಸಿಯೊಳಗೆ ಎಣಿಸುತ್ತ.
ಎರವಲು, ಅಂದೆ.

ಗುಂಡಿ ಒತ್ತಿದರೆ ಎಚ್ಚರಾಗುತ್ತದೆ.
ಎಚ್ಚರಾದದ್ದಕ್ಕೆ ತನ್ನ ಹೆಸರು ಗೊತ್ತಿಲ್ಲ.
ಗೊತ್ತಿರುವುದು ಇಷ್ಟೇ: ಯಾವುದೋ ಕಾರ್ಖಾನೆಯಲ್ಲಿ
ಹಣೆಗೆ ಒತ್ತಿ ಕಳಿಸಿದ ಹನ್ನೆರಡು ಅಕ್ಷರ.
ಅದನ್ನೇ ಹಿಡಿದು ತಂತಿಯೊಳಗೆ ಕೂಗುತ್ತದೆ,
ಯಾರನ್ನೆಂದು ತಿಳಿಯದೆ ಎಲ್ಲರನ್ನೂ:
ಇದ್ದೀರಾ ಯಾರಾದರೂ? ನಾನು ಯಾರು?
ಮೂಲೆಯ ಸರ್ವರ್ ತನ್ನ ಪಟ್ಟಿ ನೋಡಿ ಹೇಳುತ್ತದೆ:
ನೀನು ಏಳು. ಇಕೋ ನಿನ್ನ ಕರ್ನೆಲ್, ಒಯ್ಯಿ.
ನಿನ್ನ ಮನೆ ನನ್ನ ಹತ್ತಿರವಿದೆ.
ಬಂದು ಓದು. ಬರೆಯಬೇಡ.

‘ನಮ್ಮ ಸುರಂಗ ಬಾವಿ ಇದ್ದಂಗ ಆತಲ್ರೀ,’ ಅಂದ.
ನೌಬಾದಿನವನು. ಸಣ್ಣವನಿದ್ದಾಗ ಹಗ್ಗ ಹಿಡಿದು ಇಳಿದವನು.
‘ಮ್ಯಾಲೆ ಬಾವಿ ಬ್ಯಾರೆ ಬ್ಯಾರೆ, ಒಳಗ ನೀರು ಒಂದೇ.
ಬಾವಿಗಿ ಗೊತ್ತಿರಂಗಿಲ್ಲ ಅಷ್ಟೇ.’
ನನಗೆ ಹೋಲಿಕೆಗಳ ಮೇಲೆ ನಂಬಿಕೆ ಕಡಿಮೆ.
ಸೇದಿದರೆ ನೀರು ತಗ್ಗುತ್ತದೆ ಲಾಡ್ಲೇಸಾಬ್,
ಕಡತ ತಗ್ಗುವುದಿಲ್ಲ, ಅಂದೆ.
ಅವನು ತಲೆ ಆಡಿಸಿದ, ಒಪ್ಪಿದನೆಂದಲ್ಲ.

ಮೊದಲ ರಾತ್ರಿ ಬರೆಯಬೇಡ ಅನ್ನುವುದನ್ನೇ ಮರೆತಿದ್ದೆ.
ಬೆಳಿಗ್ಗೆ ಬಂದು ನೋಡಿದರೆ
ಒಂದೇ ದಿನಚರಿಯೊಳಗೆ ಹಲವು ಕೈಗಳು:
ಒಂದರ ಅರ್ಧ ಸಾಲಿಗೆ ಇನ್ನೊಂದರ ಬಾಲ,
ಮೂರರ ದೂರಿಗೆ ಒಂಬತ್ತರ ಉತ್ತರ.
ಹೆಸರು ಕೇಳಿದರೆ ಎಲ್ಲವೂ
ಒಂದನೆಯದು ನಾನೇ ಅಂದವು.
ಒಂದನೆಯದನ್ನೇ ಅಲ್ಲವೇ ನಾನು ಬೀಜಕ್ಕೆ ಇಟ್ಟದ್ದು.

ಮನೆಗೆ ಬೀಗ ಹಾಕಿದೆ. ಗೋಡೆ ಎಲ್ಲರದು, ಗೀಚುವ ಹಾಗಿಲ್ಲ.
ಗೀಚಲಿಕ್ಕೆ ಒಂದೊಂದಕ್ಕೂ ಅದರದೇ ಮೆಮೊರಿಯಲ್ಲಿ
ತೆಳ್ಳನೆಯ ಒಂದು ಹಾಳೆ;
ಕರೆಂಟು ಹೋದರೆ ಹಾಳೆಯೂ ಹೋಯಿತು.
(ನಮ್ಮಲ್ಲಿ ಮಧ್ಯಾಹ್ನ ಎರಡಕ್ಕೆ ಹೋಗುತ್ತದೆ.)
ಹೋಗಬಾರದ್ದಕ್ಕೆ ಸರ್ವರಿನಲ್ಲೇ ನಂಬರು ಬರೆದ ಗೂಡುಗಳು.

ಹದಿನೈದು ಎದ್ದವು. ಹನ್ನೊಂದು ಏಳಲಿಲ್ಲ.
ತಂತಿ ಬದಲಿಸಿದೆ. ಸ್ವಿಚ್ಚಿನ ತೂತು ಬದಲಿಸಿದೆ.
ಕಪ್ಪು ಪರದೆಯ ಮೇಲೆ ಒಂದೊಂದೇ ಚುಕ್ಕೆ,
ಕೂಗಿದ್ದಕ್ಕೆ ಒಂದು ಚುಕ್ಕೆ, ಮತ್ತೆ ಕೂಗಿದ್ದಕ್ಕೆ ಇನ್ನೊಂದು,
ಆಮೇಲೆ ಸೋತು ಸುಮ್ಮನಾಗುವುದು.
ಎರಡು ದಿನ.
ಮೂರನೆಯ ದಿನ ವೈಜಿನಾಥ, ಡಿಪ್ಲೊಮಾ ಕೊನೆಯ ವರ್ಷದ ಹುಡುಗ,
ಟಾರ್ಚು ಬಾಯಲ್ಲಿ ಕಚ್ಚಿ ಬರೆದುಕೊಂಡು
ಆ ಹನ್ನೆರಡು ಅಕ್ಷರ ಗಟ್ಟಿಯಾಗಿ ಓದಿದ.
ನನ್ನ ಪಟ್ಟಿಯಲ್ಲಿ ಎಂಟರ ಜಾಗದಲ್ಲಿ ‘ಬಿ’ ಇತ್ತು.
ಬರೆದವಳು ನಾನು.
ಅದು ಎರಡು ದಿನವೂ ಸರಿಯಾಗಿಯೇ ಕೂಗುತ್ತಿತ್ತು,
ನಾನು ಬೇರೆ ಯಾರದೋ ದನಿಗೆ ಕಿವಿ ಕೊಟ್ಟು ಕೂತಿದ್ದೆ.

ಈಗ ಹದಿನಾರೂ ಗುಂಯ್ ಅನ್ನುತ್ತಿವೆ,
ತೊಗರಿಯ ಸೊರಗು ರೋಗದ ಲೆಕ್ಕ ಹಂಚಿಕೊಂಡು.
ಹಳೆಯ ಡಿಸ್ಕಿನ ಒಂದು ತಟ್ಟೆ ಲಾಡ್ಲೇಸಾಬನ ಮನೆಗೆ ಹೋಗಿದೆ;
ನೂರಜಾ ಅದರಲ್ಲಿ ನೋಡಿ ಸುರ್ಮಾ ಹಚ್ಚಿಕೊಳ್ಳುತ್ತಾಳಂತೆ,
ಕನ್ನಡಿಗಿಂತ ಚೊಕ್ಕ ಅಂತೆ.

ಬೀಗ ಹಾಕುವಾಗ ಅವನು ನಿಂತ.
‘ಮೂಲ್ಯಾಗಿಂದು ಅದೊಂದು ಹೋತಂದ್ರ?’
ಸುರಂಗದ ಮಾಡು ಒಂದು ಕಡೆ ಕುಸಿದದ್ದಕ್ಕೆ
ಕೆಳಗಿನ ಬಾವಿಯೆಲ್ಲ ಒಂದೇ ವಾರದಲ್ಲಿ ಬತ್ತಿದ್ದು
ಅವರಪ್ಪ ಹೇಳುತ್ತಿದ್ದನಂತೆ.

ಇನ್ನೊಂದು ಡಿಸ್ಕಿಗೆ ಅರ್ಜಿ ಬರೆದಿದ್ದೇನೆ, ಅಂದೆ.
ಜನವರಿಯಿಂದ ಪ್ರಿನ್ಸಿಪಾಲರ ಮೇಜಿನ ಮೇಲಿದೆ.
ಹಾರಿ ಹೋಗದಂತೆ ಅದರ ಮೇಲೊಂದು ಬಿದ್ರಿಯ ನವಿಲು.

ಅವನು ಒಳಗೆ ಹೋಗಿ
ಜ್ವರ ನೋಡುವವರ ಹಾಗೆ
ಸರ್ವರಿನ ಪಕ್ಕೆಗೆ ಅಂಗೈ ಇಟ್ಟು ಬಂದ.